ಗಾಳಿ ಎಳೆದ ನೀಳ ದಿಬ್ಬಗಳು

1874ರ ಆರಂಭದಲ್ಲಿ ಜರ್ಮನಿಯ ಅನ್ವೇಷಕ ಗೆರ್ಹಾರ್ಡ್ ರೋಲ್ಫ್ಸ್ ಅವರು ಈಜಿಪ್ಟಿನ ದಾಖ್ಲಾ ಓಯಸಿಸ್‌ನಿಂದ ಒಂಟೆಗಳ ದೊಡ್ಡ ತಂಡದೊಂದಿಗೆ ಪಶ್ಚಿಮಕ್ಕೆ ಹೊರಟರು. ಇಂದಿನ ಲಿಬಿಯಾದಲ್ಲಿರುವ ಕುಫ್ರಾ ಅವರ ಗುರಿಯಾಗಿತ್ತು. ಖರ್ಚು ಈಜಿಪ್ಟಿನ ದೊರೆ ಖೆದೀವ್ ಇಸ್ಮಾಯಿಲ್ ಅವರದು. ಜೊತೆಯಲ್ಲಿ ಭೂವಿಜ್ಞಾನಿ ಕಾರ್ಲ್ ಜಿಟೆಲ್ ಇದ್ದರು, ಭೂಮಾಪಕ ವಿಲ್ಹೆಲ್ಮ್ ಯೋರ್ಡಾನ್ ಇದ್ದರು, ನೀರು ತುಂಬಿದ ಕಬ್ಬಿಣದ ಪೆಟ್ಟಿಗೆಗಳು ನೂರಾರು ಇದ್ದವು. ಸಿದ್ಧತೆಯಲ್ಲಿ ಏನೂ ಕೊರತೆಯಾಗಿರಲಿಲ್ಲ. ಆದರೆ ಕೆಲವು ದಿನಗಳ ಪ್ರಯಾಣದ ಬಳಿಕ ಅವರಿಗೆ ಎದುರಾದದ್ದು ಉತ್ತರ-ವಾಯವ್ಯದಿಂದ ದಕ್ಷಿಣ-ಆಗ್ನೇಯಕ್ಕೆ ಕಣ್ಣು ಹಾಯುವಷ್ಟು ದೂರ ಚಾಚಿಕೊಂಡಿದ್ದ ಮರಳಿನ ದಿಬ್ಬ. ಅದನ್ನು ಹೇಗೋ ಹತ್ತಿಳಿದರೆ ಆಚೆಗೆ ಅದೇ ದಿಕ್ಕಿನಲ್ಲಿ ಇನ್ನೊಂದು, ಅದರಾಚೆಗೆ ಮತ್ತೊಂದು. ಹೊರೆ ಹೊತ್ತ ಒಂಟೆ ಗಟ್ಟಿ ಮರಳಿನ ಮೇಲೆ ಎಷ್ಟು ಹೊತ್ತಾದರೂ ನಡೆದೀತು, ಆದರೆ ಸಡಿಲ ಮರಳಿನ ಕಡಿದಾದ ಇಳಿಜಾರಿನಲ್ಲಿ ಅದರ ಕಾಲು ಹೂತು, ಹೊರೆ ಜಾರಿ, ಪ್ರತಿ ದಿಬ್ಬವೂ ಅರ್ಧ ದಿನವನ್ನು ನುಂಗುತ್ತದೆ. ಪಶ್ಚಿಮದ ದಾರಿಯನ್ನು ಕೈಬಿಡುವುದೆಂದು ರೋಲ್ಫ್ಸ್ ತೀರ್ಮಾನಿಸಿದರು. ಆ ನಿರ್ಧಾರದ ಹೊತ್ತಿನಲ್ಲೇ, ಮಳೆಯೆಂಬುದೇ ಅಪರೂಪವಾದ ಆ ಜಾಗದಲ್ಲಿ, ಮಳೆ ಸುರಿಯಿತು. ಅವರು ಅಲ್ಲಿ ಕಲ್ಲಿನ ಗುಡ್ಡೆ ಕಟ್ಟಿ, ಸೀಸೆಯೊಂದರಲ್ಲಿ ಪತ್ರವಿಟ್ಟು, ಆ ತಾಣವನ್ನು ರೇಗನ್‌ಫೆಲ್ಡ್, ಎಂದರೆ ಮಳೆಯ ಬಯಲು, ಎಂದು ಕರೆದರು. ಅಲ್ಲಿಂದ ಎರಡು ದಿಬ್ಬಗಳ ನಡುವಿನ ಓಣಿಯನ್ನೇ ಹಿಡಿದು ಉತ್ತರಕ್ಕೆ ನಡೆದು, ಫೆಬ್ರವರಿ ಮುಗಿಯುವ ಮೊದಲು ಸಿವಾ ಓಯಸಿಸ್ ತಲುಪಿದರು. ಹೊರಟದ್ದು ಕುಫ್ರಾಕ್ಕೆ, ಸೇರಿದ್ದು ಸಿವಾಕ್ಕೆ.

ಈ ಪ್ರಸಂಗದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಸಾಹಸಕ್ಕಿಂತ ಹೆಚ್ಚಾಗಿ ಆ ನೆಲದ ಸ್ವಭಾವ. ಅದೇ ಮರಳು, ಅದೇ ದಿಬ್ಬ. ಅದರ ಉದ್ದಕ್ಕೆ ಹೋಗುವವರಿಗೆ ನೇರವಾದ, ಗಟ್ಟಿ ನೆಲದ ಹೆದ್ದಾರಿ, ಅಡ್ಡ ಹೋಗುವವರಿಗೆ ಮುಗಿಯದ ಗೋಡೆಗಳ ಸಾಲು. ದಿಕ್ಕೊಂದನ್ನು ಬದಲಿಸಿದರೆ ಇಡೀ ಮರುಭೂಮಿಯೇ ಬದಲಾಗುತ್ತದೆ. ಮರುಭೂಮಿಯೆಂದರೆ ದಿಕ್ಕುಗಾಣದ ಬಯಲು ಎಂದು ನಾವು ಅಂದುಕೊಂಡಿರುತ್ತೇವೆ, ಆದರೆ ನೀಳ ದಿಬ್ಬಗಳಿರುವ ಮರುಭೂಮಿಯಲ್ಲಿ ದಿಕ್ಕಿಗಿಂತ ಸ್ಪಷ್ಟವಾದ ಸಂಗತಿ ಬೇರೊಂದಿಲ್ಲ.

ರೋಲ್ಫ್ಸ್ ಅವರನ್ನು ತಡೆದ ಆ ಪ್ರದೇಶವನ್ನು ಮಹಾ ಮರಳು ಸಮುದ್ರ ಎನ್ನುತ್ತಾರೆ. ಉತ್ತರದ ಸಿವಾದಿಂದ ದಕ್ಷಿಣದ ಗಿಲ್ಫ್ ಕೆಬೀರ್ ಪ್ರಸ್ಥಭೂಮಿಯವರೆಗೆ, ಈಜಿಪ್ಟ್ ಮತ್ತು ಲಿಬಿಯಾಗಳ ಗಡಿಯ ಎರಡೂ ಕಡೆ ಅದು ಹರಡಿಕೊಂಡಿದೆ. ಅಲ್ಲಿನ ಕೆಲವು ದಿಬ್ಬಗಳು ನೂರು ಕಿಲೋಮೀಟರಿಗೂ ಮೀರಿ ಒಂದೇ ಜಾಡಿನಲ್ಲಿ ಸಾಗುತ್ತವೆ, ಎತ್ತರ ನೂರು ಮೀಟರಿನ ಆಸುಪಾಸು. ಅವುಗಳಲ್ಲಿ ಅನೇಕವು ಎರಡು ಅಂತಸ್ತಿನವು: ಕೆಳಗೆ ಅಗಲವಾದ, ಗಟ್ಟಿಯಾದ, ಒರಟು ಮರಳಿನ ಬೆನ್ನು, ಅದರ ಮೇಲೆ ಹರಿತವಾದ ಅಂಚಿನ, ಸಡಿಲ ಮರಳಿನ ಚಲಿಸುವ ದಿಬ್ಬ. ನಡುವಿನ ಓಣಿಗಳಲ್ಲಿ ಎಷ್ಟೋ ಕಡೆ ಮರಳೇ ಇಲ್ಲ, ಹಳೆಯ ಬಂಡೆ ಮತ್ತು ಜಲ್ಲಿ ತೆರೆದುಕೊಂಡಿರುತ್ತವೆ. ಇಂಥ ಓಣಿಗಳಲ್ಲೇ 1932ರಲ್ಲಿ ಸರ್ವೇ ಅಧಿಕಾರಿ ಪ್ಯಾಟ್ರಿಕ್ ಕ್ಲೇಟನ್ ಅವರಿಗೆ ತಿಳಿಹಳದಿ ಬಣ್ಣದ ಗಾಜಿನ ತುಂಡುಗಳು ಸಿಕ್ಕವು. ಸುಮಾರು 2.9 ಕೋಟಿ ವರ್ಷಗಳ ಹಿಂದೆ ಮರಳು ಕರಗಿ ಆದ ನೈಸರ್ಗಿಕ ಗಾಜು ಅದು. ಪ್ರಾಚೀನ ಈಜಿಪ್ಟಿನ ದೊರೆ ತುತಾಂಖಮುನ್ ಸಮಾಧಿಯಲ್ಲಿ ದೊರೆತ ಎದೆಪದಕದ ನಡುವೆ ಇರುವ ಜೀರುಂಡೆಯನ್ನು, ಆ ಸಮಾಧಿಯನ್ನು ಅಗೆದು ತೆರೆದ ಹೊವರ್ಡ್ ಕಾರ್ಟರ್ ಅವರು ಬೇರೊಂದು ಕಲ್ಲೆಂದು ತಿಳಿದಿದ್ದರು. ಅದು ಇದೇ ಗಾಜು ಎಂಬುದು ಬಹಳ ವರ್ಷಗಳ ನಂತರ ತಿಳಿಯಿತು. ಅಂದರೆ ಮೂರು ಸಾವಿರ ವರ್ಷಗಳಿಗೂ ಹಿಂದೆ ಯಾರೋ ಅಲ್ಲಿಗೆ ಹೋಗಿ ಬಂದಿದ್ದರು, ಅಥವಾ ಅಲ್ಲಿಂದ ಈ ಗಾಜು ಕೈಯಿಂದ ಕೈಗೆ ದಾಟಿ ನೈಲ್ ನದಿಯ ದಡ ಸೇರಿತ್ತು. ಓಣಿಗಳ ಉದ್ದಕ್ಕೇ ಅದು ಸಾಗಿರಬೇಕೆಂದು ಊಹಿಸಲು ನನಗೆ ಇಷ್ಟ, ಆದರೆ ಅದು ನನ್ನ ಊಹೆಯಷ್ಟೇ.

ಈಗ ಪ್ರಶ್ನೆಗೆ ಬರೋಣ. ಗಾಳಿ ಮರಳನ್ನು ಹೊತ್ತು ತಂದು ರಾಶಿ ಹಾಕುತ್ತದೆ ಎಂಬುದು ಸರಿ, ಆದರೆ ರಾಶಿ ಬೀಳಬೇಕಾದದ್ದು ಗಾಳಿಗೆ ಅಡ್ಡಲಾಗಿ ಅಲ್ಲವೇ? ಒಂದೇ ದಿಕ್ಕಿನ ಗಾಳಿ ಬೀಸುವ ಕಡೆ ಆಗುವುದೂ ಹಾಗೆಯೇ. ಮರಳು ಕಡಿಮೆಯಿದ್ದರೆ ಅರ್ಧಚಂದ್ರಾಕಾರದ ದಿಬ್ಬ ಮೂಡುತ್ತದೆ, ಅದರ ಎರಡು ಕೊಂಬುಗಳು ಗಾಳಿ ಹೋಗುವ ಕಡೆಗೆ ಚಾಚಿರುತ್ತವೆ. ಮರಳು ಹೇರಳವಾಗಿದ್ದರೆ ಗಾಳಿಗೆ ಅಡ್ಡಡ್ಡವಾಗಿ ಅಲೆಗಳಂಥ ಸಾಲುಗಳು ಏಳುತ್ತವೆ. ಹೀಗಿರುವಾಗ ಗಾಳಿ ಸಾಗುವ ದಿಕ್ಕಿನಲ್ಲೇ ನೂರಾರು ಕಿಲೋಮೀಟರ್ ಉದ್ದದ ದಿಬ್ಬ ಬೆಳೆಯುವುದು ಹೇಗೆ, ಬೆಳೆದರೂ ಅದೇ ಗಾಳಿ ಅದನ್ನು ಚದುರಿಸಿಬಿಡದೆ ಕಾಪಾಡುವುದು ಹೇಗೆ?

ಈ ಪ್ರಶ್ನೆಯನ್ನು ಮರಳಿನ ಕಣದ ಮಟ್ಟದಿಂದ ಹಿಡಿದು ಕೇಳಿದವರು ಬ್ರಿಟಿಷ್ ಸೇನೆಯ ರಾಲ್ಫ್ ಬ್ಯಾಗ್ನಾಲ್ಡ್. 1920ರ ದಶಕದಲ್ಲಿ ಈಜಿಪ್ಟಿನಲ್ಲಿ ಕೆಲಸಕ್ಕಿದ್ದಾಗ ರಜೆಯಲ್ಲಿ ಗೆಳೆಯರೊಂದಿಗೆ ಫೋರ್ಡ್ ಕಾರುಗಳಲ್ಲಿ ಮರುಭೂಮಿ ಸುತ್ತುವುದು ಅವರ ಹವ್ಯಾಸವಾಗಿತ್ತು. ಒಂಟೆಗೇ ಆಗದ ಮಹಾ ಮರಳು ಸಮುದ್ರದ ದಿಬ್ಬಗಳನ್ನು ಕಾರು ದಾಟೀತೆಂದು ಆಗ ಯಾರೂ ನಂಬಿರಲಿಲ್ಲ. ಬ್ಯಾಗ್ನಾಲ್ಡ್ ಕಂಡುಕೊಂಡ ಉಪಾಯ ಸರಳ: ಟೈರಿನ ಗಾಳಿ ಇಳಿಸಿ, ದಿಬ್ಬದ ಗಟ್ಟಿಯಾದ ಮೈಯನ್ನು ಗುರುತಿಸಿ, ಹಿಂಜರಿಯದೆ ಪೂರ್ಣ ವೇಗದಲ್ಲಿ ಏರಿಬಿಡುವುದು. ಚಕ್ರ ಹೂತರೆ ಅದರ ಕೆಳಗೆ ತೂರಿಸಲು ಉಕ್ಕಿನ ತಗಡಿನ ಪಟ್ಟಿಗಳು, ಕುದಿಯುವ ರೇಡಿಯೇಟರಿನ ಆವಿಯನ್ನು ಹಿಡಿದು ಮತ್ತೆ ನೀರಾಗಿಸುವ ಡಬ್ಬಿ, ಸೂರ್ಯನ ನೆರಳಿನಿಂದ ದಿಕ್ಕು ತೋರಿಸುವ ದಿಕ್ಸೂಚಿ, ಇವೆಲ್ಲವೂ ಆ ಪ್ರವಾಸಗಳಲ್ಲಿ ಪಳಗಿದ ಸಾಧನಗಳು. ಮುಂದೆ ಎರಡನೆಯ ಮಹಾಯುದ್ಧದಲ್ಲಿ, 1940ರಲ್ಲಿ, ಇದೇ ಅನುಭವದ ಬಲದಿಂದ ಅವರು ಕೈರೋದಲ್ಲಿ ಒಂದು ಪಡೆಯನ್ನೇ ಕಟ್ಟಿದರು. ದಿಬ್ಬಗಳ ಗೋಡೆ ತಮ್ಮನ್ನು ಕಾಯುತ್ತದೆಂದು ನೆಮ್ಮದಿಯಿಂದಿದ್ದ ಇಟಲಿಯ ಠಾಣೆಗಳ ಮೇಲೆ ಆ ಪಡೆ ಅದೇ ಗೋಡೆಯನ್ನು ಹಾದು ಬಂದು ಎರಗಿತು.

ಆದರೆ ನನಗೆ ಅವರ ಯುದ್ಧಕ್ಕಿಂತ ಹೆಚ್ಚು ಪ್ರಿಯವಾದದ್ದು ಅದಕ್ಕೂ ಮೊದಲಿನ ಕೆಲಸ. 1935ರಲ್ಲಿ ಸೇನೆಯಿಂದ ನಿವೃತ್ತರಾದ ಬ್ಯಾಗ್ನಾಲ್ಡ್ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ತಾವೇ ಒಂದು ಗಾಳಿಸುರಂಗವನ್ನು ಕಟ್ಟಿ, ಅದರೊಳಗೆ ಜರಡಿ ಹಿಡಿದ ಮರಳು ಹರಡಿ, ಗಾಳಿ ಬಿಟ್ಟು, ಕಣಗಳು ಹೇಗೆ ಓಡಾಡುತ್ತವೆಂದು ನೋಡಿದರು. ದಿಬ್ಬದ ಮರಳಿನ ಕಣ ಸಾಮಾನ್ಯವಾಗಿ ಮಿಲಿಮೀಟರಿನ ಐದನೆಯ ಒಂದು ಭಾಗದಿಂದ ಮೂರನೆಯ ಒಂದು ಭಾಗದಷ್ಟು ಇರುತ್ತದೆ. ಅದಕ್ಕಿಂತ ಸಣ್ಣದು ಧೂಳಾಗಿ ಆಕಾಶಕ್ಕೇರಿ ಬೇರೆ ದೇಶ ಸೇರುತ್ತದೆ, ದೊಡ್ಡದು ನೆಲದಲ್ಲೇ ತೆವಳುತ್ತದೆ. ನಡುಗಾತ್ರದ ಕಣ ಹಾರುವುದಿಲ್ಲ, ನೆಗೆಯುತ್ತದೆ. ನೆಗೆದು ಗಾಳಿಯಿಂದ ವೇಗ ಪಡೆದು ಓರೆಯಾಗಿ ಇಳಿದು ನೆಲಕ್ಕೆ ಬಡಿದಾಗ ಇನ್ನಷ್ಟು ಕಣಗಳನ್ನು ಎಬ್ಬಿಸುತ್ತದೆ, ಅವು ಮತ್ತಷ್ಟನ್ನು ಎಬ್ಬಿಸುತ್ತವೆ. ಮರಳಿನ ಸಾಗಾಟ ಗಾಳಿಯ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆಂದು ಅವರು ತೋರಿಸಿದರು, ಎಂದರೆ ಗಾಳಿಯ ಬಿರುಸು ಎರಡು ಪಟ್ಟಾದರೆ ಸಾಗುವ ಮರಳು ಸರಿಸುಮಾರು ಎಂಟು ಪಟ್ಟು. ವರ್ಷವಿಡೀ ಮೆಲ್ಲನೆ ಬೀಸುವ ಗಾಳಿಗಿಂತ ಕೆಲವೇ ದಿನ ಅಬ್ಬರಿಸುವ ಬಿರುಗಾಳಿಗೆ ದಿಬ್ಬದ ಆಕಾರದ ಮೇಲೆ ಹೆಚ್ಚಿನ ಹಿಡಿತವಿರುವುದು ಈ ಕಾರಣಕ್ಕೆ. ಈ ಅಧ್ಯಯನಗಳನ್ನು ಒಟ್ಟುಗೂಡಿಸಿದ ಅವರ ಪುಸ್ತಕ 1941ರಲ್ಲಿ ಪ್ರಕಟವಾಯಿತು. ಈ ವಿಷಯದಲ್ಲಿ ಇಂದಿಗೂ ಎಲ್ಲರೂ ಮೊದಲು ಮುಟ್ಟುವ ಪುಸ್ತಕ ಅದೇ.

ನೀಳ ದಿಬ್ಬದ ಹುಟ್ಟಿನ ಬಗ್ಗೆ ಬ್ಯಾಗ್ನಾಲ್ಡ್ ಎರಡು ವಿವರಣೆಗಳನ್ನು ಕೊಟ್ಟರು. ಮೊದಲನೆಯದು, ಅರ್ಧಚಂದ್ರ ದಿಬ್ಬದ ಒಂದು ಕೊಂಬು ಬೇರೆ ದಿಕ್ಕಿನ ಬಿರುಗಾಳಿಗೆ ಸಿಕ್ಕಿ ಉದ್ದವಾಗುತ್ತಾ ಹೋಗುತ್ತದೆಂಬುದು. ಎರಡನೆಯದನ್ನು 1953ರಲ್ಲಿ ಮುಂದಿಟ್ಟರು: ಕಾದ ನೆಲದ ಮೇಲಿನ ಗಾಳಿ ಜೋಡಿ ಸುರುಳಿಗಳಾಗಿ ತಿರುಗುತ್ತಾ ಸಾಗುವಾಗ ಓಣಿಯ ಮರಳನ್ನು ಗುಡಿಸಿ ಎರಡೂ ಬದಿಯ ದಿಬ್ಬಗಳಿಗೆ ಸೇರಿಸುತ್ತದೆ. ಈ ಎರಡನೆಯ ವಿವರಣೆ ಕೇಳಲು ಬಹಳ ಚಂದ. ಸಮಾನ ಅಂತರದ ಸಮಾಂತರ ಸಾಲುಗಳನ್ನು ಅದು ಒಂದೇ ಏಟಿಗೆ ವಿವರಿಸಿಬಿಡುತ್ತದೆ, ಆದ್ದರಿಂದ ಪಠ್ಯಪುಸ್ತಕಗಳಲ್ಲಿ ದಶಕಗಳ ಕಾಲ ಉಳಿಯಿತು. ಆದರೆ ದಿಬ್ಬಗಳ ಮೇಲೆ ಉಪಕರಣ ನೆಟ್ಟು ಅಳೆದವರಿಗೆ ಓಣಿಯಿಂದ ನೆತ್ತಿಗೆ ಹಾಗೆ ಮರಳು ಸಾಗುವುದು ಕಾಣಲಿಲ್ಲ.

ಕಂಡದ್ದು ಬೇರೆಯೇ. 1970ರ ದಶಕದಲ್ಲಿ ಇಸ್ರೇಲಿನ ಹೈಮ್ ತ್ಸೋವಾರ್ ಅವರು ಸಿನಾಯ್ ಮರುಭೂಮಿಯ ಒಂದು ದಿಬ್ಬವನ್ನು ಹಿಡಿದು ಕುಳಿತು ಅಭ್ಯಾಸ ಮಾಡಿದರು. ಅಲ್ಲಿ ಗಾಳಿ ಋತುವಿಗೆ ತಕ್ಕಂತೆ ಎರಡು ದಿಕ್ಕಿನಿಂದ ಬರುತ್ತದೆ, ಒಮ್ಮೆ ದಿಬ್ಬದ ಈ ಮಗ್ಗುಲಿಗೆ ಓರೆಯಾಗಿ, ಇನ್ನೊಮ್ಮೆ ಆ ಮಗ್ಗುಲಿಗೆ ಓರೆಯಾಗಿ. ಓರೆಯಾಗಿ ಬಂದ ಗಾಳಿ ನೆತ್ತಿಯನ್ನು ದಾಟಿದ ಮೇಲೆ ಮರೆಯ ಬದಿಯಲ್ಲಿ ಸತ್ತು ಬೀಳುವುದಿಲ್ಲ, ದಿಕ್ಕು ಬದಲಿಸಿ ದಿಬ್ಬದ ಉದ್ದಕ್ಕೆ ಹರಿಯುತ್ತದೆ, ಜೊತೆಗೆ ಮರಳನ್ನೂ ಉದ್ದಕ್ಕೇ ಒಯ್ಯುತ್ತದೆ. ಮುಂದಿನ ಋತುವಿನಲ್ಲಿ ಬದಿಗಳು ಅದಲುಬದಲಾಗುತ್ತವೆ, ಆದರೆ ಮರಳು ಸಾಗುವ ಕಡೆ ಅದೇ. ಹೀಗೆ ಎರಡು ಗಾಳಿಗಳು ದಿಬ್ಬವನ್ನು ಆಚೀಚೆ ತಳ್ಳಿದ್ದು ಒಂದನ್ನೊಂದು ರದ್ದುಮಾಡುತ್ತದೆ, ಉಳಿಯುವುದು ಮುಂದಕ್ಕೆ ಸಾಗಿದ್ದು ಮಾತ್ರ. ದಿಬ್ಬ ಅಡ್ಡಕ್ಕೆ ಕದಲದೆ ತುದಿಯಲ್ಲಿ ಬೆಳೆಯುತ್ತದೆ. ನಕ್ಷೆಯಲ್ಲಿ ಗಾಳಿಯ ದಿಕ್ಕನ್ನು ತೋರುವ ಗೆರೆಯಂತೆ ಕಾಣುವ ದಿಬ್ಬದ ಜಾಡಿನಲ್ಲಿ ನಿಜವಾಗಿ ಯಾವ ಗಾಳಿಯೂ ಬೀಸದೆ ಇರಬಹುದು. ಅದು ಎರಡು ಗಾಳಿಗಳ ನಡುವಿನ ರಾಜಿ.

1987ರಲ್ಲಿ ಅಮೆರಿಕದ ಡೇವಿಡ್ ರೂಬಿನ್ ಮತ್ತು ರಾಲ್ಫ್ ಹಂಟರ್ ಈ ರಾಜಿಗೆ ಒಂದು ಲೆಕ್ಕ ಕೊಟ್ಟರು. ತಿರುಗಿಸಬಹುದಾದ ಹಲಗೆಯ ಮೇಲೆ ಮರಳು ಹರಡಿ, ಗಾಳಿಗೆ ಒಡ್ಡಿ, ಆಗಾಗ ಹಲಗೆಯನ್ನು ತಿರುಗಿಸುತ್ತಾ ಎರಡು ದಿಕ್ಕಿನ ಗಾಳಿಯನ್ನು ಅನುಕರಿಸಿದರು. ಎರಡು ದಿಕ್ಕುಗಳ ನಡುವಿನ ಕೋನ 90 ಡಿಗ್ರಿಗಿಂತ ಕಡಿಮೆಯಿದ್ದಾಗ ಮರಳಿನ ಏಣುಗಳು ಒಟ್ಟು ಸಾಗಾಟಕ್ಕೆ ಅಡ್ಡಲಾಗಿ ಎದ್ದವು. ಅದಕ್ಕಿಂತ ಹೆಚ್ಚಿದ್ದಾಗ ಉದ್ದಕ್ಕೆ ಎದ್ದವು. 2014ರಲ್ಲಿ ಪ್ಯಾರಿಸಿನ ಸಂಶೋಧಕರು ಇದಕ್ಕೆ ಇನ್ನೊಂದು ಮಾತು ಸೇರಿಸಿದರು: ಮರಳು ಎಲ್ಲೆಡೆ ಹಾಸಿಕೊಂಡಿದ್ದರೆ ದಿಬ್ಬ ಇರುವಲ್ಲೇ ಎತ್ತರವಾಗುತ್ತದೆ, ಗಟ್ಟಿ ನೆಲದ ಮೇಲೆ ಮರಳಿಗೆ ಬರವಿದ್ದರೆ ತುದಿಯಿಂದ ಬೆರಳಿನಂತೆ ನೀಳುತ್ತದೆ, ಮತ್ತು ಒಂದೇ ಗಾಳಿಯ ಜೋಡಿಯಲ್ಲಿ ಈ ಎರಡು ಬಗೆಯ ದಿಬ್ಬಗಳ ದಿಕ್ಕು ಬೇರೆಬೇರೆಯಾಗಿರಬಹುದು. ಅಕ್ಕಪಕ್ಕದ ದಿಬ್ಬಗಳು ಎರಡು ದಿಕ್ಕಿಗೆ ಮುಖಮಾಡಿರುವ ಉಪಗ್ರಹ ಚಿತ್ರಗಳು ಅಲ್ಲಿಯವರೆಗೆ ಗೊಂದಲ ಹುಟ್ಟಿಸುತ್ತಿದ್ದವು.

ನಮ್ಮ ಕಡೆಯವರು ಮರಳು ದಿಬ್ಬವೆಂದರೆ ತಲಕಾಡನ್ನೋ ಜೈಸಲ್ಮೇರಿನ ಒಂಟೆ ಸವಾರಿಯನ್ನೋ ನೆನೆಯುತ್ತಾರೆ. ತಲಕಾಡಿನದು ಕಾವೇರಿಯ ಪಾತ್ರದಿಂದ ಗಾಳಿ ಹೊತ್ತು ತಂದ ಮರಳು, ಮರುಭೂಮಿಯದಲ್ಲ. ಥಾರ್‌ನಲ್ಲಿ ಪಶ್ಚಿಮದ ಅಂಚಿನ ಕಡೆ ನೀಳ ದಿಬ್ಬಗಳಿವೆಯಾದರೂ ಹೆಚ್ಚಿನವು ಬಾಗಿದ ದಿಬ್ಬಗಳು, ಏಕೆಂದರೆ ಅಲ್ಲಿ ಮರಳನ್ನು ಆಳುವುದು ಮುಖ್ಯವಾಗಿ ನೈರುತ್ಯದ ಒಂದೇ ಗಾಳಿ, ಮತ್ತು ಗಿಡಗಂಟಿಗಳು ದಿಬ್ಬದ ಎರಡೂ ತೋಳುಗಳನ್ನು ಹಿಡಿದಿಟ್ಟುಕೊಂಡು ನಡುಭಾಗವನ್ನು ಮಾತ್ರ ಮುಂದೆ ಹೋಗಲು ಬಿಡುತ್ತವೆ.

ನಾನು ನೀಳ ದಿಬ್ಬದ ನೆತ್ತಿಯ ಮೇಲೆ ನಿಂತದ್ದು ನಮೀಬಿಯಾದಲ್ಲಿ. ಪ್ರವಾಸಿಗಳೆಲ್ಲ ಹೋಗುವ ಸೋಸುಸ್‌ಫ್ಲೇಯ ಸುತ್ತ ಇರುವವುಗಳಲ್ಲಿ ಬಹಳಷ್ಟು ನಕ್ಷತ್ರದ ಆಕಾರದವು. ಮರುಭೂಮಿಯ ಆ ಪೂರ್ವದ ಅಂಚಿನಲ್ಲಿ ಗಾಳಿ ಹಲವು ದಿಕ್ಕಿನಿಂದ ಬರುವುದೇ ಅದಕ್ಕೆ ಕಾರಣ. ಅಚ್ಚುಕಟ್ಟಾದ ನೀಳ ದಿಬ್ಬಗಳನ್ನು ನೋಡಬೇಕಾದರೆ ಕೂಯ್ಸೆಬ್ ನದಿಯ ದಡದ ಗೊಬಬೆಬ್ ಕಡೆಗೆ ಬರಬೇಕು. ಮಧ್ಯಾಹ್ನದ ಹೊತ್ತಿಗೆ ಗಾಳಿ ಎದ್ದಿತ್ತು. ನೆತ್ತಿಯ ಅಂಚಿನಿಂದ ಮರಳು ಹೊಗೆಯಂತೆ ಏಳುತ್ತಿದ್ದುದು ದೂರದಿಂದಲೇ ಕಂಡಿತ್ತು, ಹತ್ತಿರ ಹೋದಾಗ ಅದು ಪಾದದಿಂದ ಮೊಣಕಾಲಿನವರೆಗೆ ಮಾತ್ರ ಚುಚ್ಚಿತು, ಅದರ ಮೇಲೆ ಗಾಳಿ ಶುಭ್ರವಾಗಿತ್ತು. ಕಣಗಳು ಹಾರುವುದಿಲ್ಲ, ನೆಗೆಯುತ್ತವೆ ಎಂಬುದನ್ನು ಕಾಲಿನ ಚರ್ಮವೇ ಅಳೆದು ಹೇಳಿದಂತಾಯಿತು. ಗಾಳಿಯ ಕಡೆಯ ಮೈ ಗಟ್ಟಿ, ಹೆಜ್ಜೆಯ ಗುರುತು ಮೂಡುವುದೂ ಕಷ್ಟ. ಆಚೆಯ ಬದಿಯಲ್ಲಿ ಹೆಜ್ಜೆಯಿಟ್ಟರೆ ಮೊಣಕಾಲಿನವರೆಗೆ ಹೂತುಹೋಗುತ್ತದೆ, ಏಕೆಂದರೆ ಅಲ್ಲಿ ಮರಳು ಅಂಚನ್ನು ದಾಟಿ ಸುಮ್ಮನೆ ಬಿದ್ದದ್ದು. ಕಣದಲ್ಲಿ ರಾಗಿಯ ರಾಶಿ ಒಂದು ಮಟ್ಟಕ್ಕೆ ಏರಿದ ಮೇಲೆ ಎಷ್ಟು ಸುರಿದರೂ ಪಕ್ಕಕ್ಕೆ ಜಾರುವ ಹಾಗೆ, ಈ ಬದಿಯೂ 32ರಿಂದ 34 ಡಿಗ್ರಿಯವರೆಗೆ ಏರಿ, ಅದನ್ನು ಮೀರಿದೊಡನೆ ನಾಲಗೆಯಾಕಾರದಲ್ಲಿ ಕುಸಿದು ಕೆಳಗಿಳಿಯುತ್ತದೆ.

ಬೇಸಿಗೆಯಲ್ಲಿ ಇಲ್ಲಿ ಸಮುದ್ರದ ಕಡೆಯಿಂದ ನೈರುತ್ಯದ ಗಾಳಿ, ಚಳಿಗಾಲದಲ್ಲಿ ಒಳನಾಡಿನಿಂದ ಇಳಿದು ಬರುವ ಬಿಸಿಯಾದ ಪೂರ್ವದ ಗಾಳಿ. ಋತು ಬದಲಾದಂತೆ ಕುಸಿಯುವ ಬದಿ ಪೂರ್ವದಿಂದ ಪಶ್ಚಿಮಕ್ಕೆ ಬದಲಾಗುತ್ತದೆ, ನೆತ್ತಿಯ ಅಂಚು ಹಲವು ಮೀಟರುಗಳಷ್ಟು ಆಚೆ ಹೋಗಿ ಮತ್ತೆ ಈಚೆ ಬರುತ್ತದೆ, ದಿಬ್ಬದ ಬುಡ ಮಾತ್ರ ಇದ್ದಲ್ಲೇ ಇರುತ್ತದೆ. 1962ರಲ್ಲಿ ಸ್ಥಾಪನೆಯಾದ ಗೊಬಬೆಬ್ ಸಂಶೋಧನಾ ಕೇಂದ್ರದವರು ಈ ಅಲುಗಾಟವನ್ನು ಬಹಳ ಕಾಲ ಅಳೆದಿದ್ದಾರೆ. ನೆತ್ತಿಗೆ ಇನ್ನೊಬ್ಬ ಅತಿಥಿಯೂ ಇದೆ. ಸಮುದ್ರದಿಂದ ಮಂಜು ಕವಿದ ಬೆಳಗಿನ ಜಾವದಲ್ಲಿ ಒಂದು ಜಾತಿಯ ಕಪ್ಪು ಜೀರುಂಡೆ ದಿಬ್ಬದ ಮೇಲಕ್ಕೆ ಹತ್ತಿ, ಗಾಳಿಗೆ ಎದುರಾಗಿ ತಲೆ ತಗ್ಗಿಸಿ ಹಿಂಭಾಗವನ್ನು ಎತ್ತಿ ನಿಲ್ಲುತ್ತದೆ. ಬೆನ್ನಿನ ಮೇಲೆ ಕೂಡಿದ ಹನಿ ಹರಿದು ಬಾಯಿಗೆ ಬರುತ್ತದೆ. ಮಂಜು ಮೊದಲು ತಗಲುವುದು ಎತ್ತರದ ಅಂಚಿಗೆ, ಹಾಗಾಗಿ ಆ ಹುಳುವಿಗೆ ಬೇಕಾದದ್ದೂ ಅದೇ ಅಂಚು.

ಆಸ್ಟ್ರೇಲಿಯಾದ ಸಿಂಪ್ಸನ್ ಮರುಭೂಮಿಯದು ಇದಕ್ಕಿಂತ ಭಿನ್ನ ಸ್ವಭಾವ. ಕರ್ನಾಟಕಕ್ಕಿಂತ ಸ್ವಲ್ಪ ಚಿಕ್ಕದಾದ ಆ ಪ್ರದೇಶದಲ್ಲಿ ಕೆಂಪು ಬಣ್ಣದ ಸಮಾಂತರ ದಿಬ್ಬಗಳು ಸಾವಿರಕ್ಕೂ ಹೆಚ್ಚು, ಕೆಲವು ಇನ್ನೂರು ಕಿಲೋಮೀಟರ್ ಉದ್ದ. ಎತ್ತರ ಹೆಚ್ಚಿಲ್ಲ, ಬಹುಪಾಲು ಮೂವತ್ತು ಮೀಟರಿನೊಳಗೆ. ಮೈಮೇಲೆ ಮುಳ್ಳುಹುಲ್ಲು ಬೆಳೆದು ಮರಳನ್ನು ಹಿಡಿದಿಟ್ಟಿದೆ, ನೆತ್ತಿಯಷ್ಟೇ ಸಡಿಲ. 1929ರಲ್ಲಿ ಭೂವಿಜ್ಞಾನಿ ಸೆಸಿಲ್ ಮ್ಯಾಡಿಗನ್ ವಿಮಾನದಿಂದ ಇದನ್ನು ಸಮೀಕ್ಷೆ ಮಾಡಿ ಹೆಸರಿಟ್ಟರು. 1936ರಲ್ಲಿ ಟೆಡ್ ಕೋಲ್ಸನ್ ಅವರು ಪೀಟರ್ ಐನ್ಸ್ ಎಂಬ ಮೂಲನಿವಾಸಿ ಸಂಗಾತಿಯೊಂದಿಗೆ ಒಂಟೆಗಳ ಮೇಲೆ ಅಡ್ಡಲಾಗಿ ದಾಟಿದರು. ‘ಮೊದಲು ದಾಟಿದವರು’ ಎಂದು ಬರೆಯುವುದು ರೂಢಿ, ಆದರೆ ದಿಬ್ಬಗಳ ನಡುವಿನ ಆಳವಾದ ಬಾವಿಗಳನ್ನು ಆಶ್ರಯಿಸಿ ವಾಂಗ್‌ಕಂಗುರು ಜನ ಅಲ್ಲಿ ತಲೆಮಾರುಗಳಿಂದ ಬದುಕಿದ್ದರೆಂಬುದನ್ನು ಆ ಮಾತು ಮರೆಸುತ್ತದೆ. ಇಲ್ಲಿನ ದಿಬ್ಬಗಳ ಪೂರ್ವದ ಮಗ್ಗುಲು ಕಡಿದು, ಪಶ್ಚಿಮದ್ದು ಸೌಮ್ಯ. ಆದ್ದರಿಂದ ಈಗ ಜೀಪಿನಲ್ಲಿ ಹೋಗುವವರಿಗೆ ಪಶ್ಚಿಮದಿಂದ ಪೂರ್ವಕ್ಕೆ ಹೋಗಿ ಎಂದೇ ಸಲಹೆ ಕೊಡುತ್ತಾರೆ. ಅವರಿಗೆ ಕೊನೆಯಲ್ಲಿ ಸಿಗುವುದು ಬರ್ಡ್ಸ್‌ವಿಲ್ ಊರಿನ ಹತ್ತಿರದ, ನಲವತ್ತು ಮೀಟರಿನ ಆಸುಪಾಸಿನ ದೊಡ್ಡ ಕೆಂಪು ದಿಬ್ಬ.

ಶನಿಗ್ರಹದ ಉಪಗ್ರಹ ಟೈಟನ್ನಿನಲ್ಲಿಯೂ ನೀಳ ದಿಬ್ಬಗಳಿವೆ ಎಂಬುದು ಈ ವಿಷಯದಲ್ಲಿ ನನಗೆ ಅತ್ಯಂತ ವಿಸ್ಮಯವೆನಿಸಿದ ಸಂಗತಿ. ಅದರ ನಡುಗೆರೆಯ ಬಳಿಯ ಕಪ್ಪು ಪ್ರದೇಶಗಳು ದ್ರವದ ಸಮುದ್ರಗಳಿರಬಹುದೆಂದು ಊಹಿಸಲಾಗಿತ್ತು. 2005ರಲ್ಲಿ ಕ್ಯಾಸಿನಿ ನೌಕೆಯ ರೇಡಾರ್ ನೋಡಿದಾಗ ಅಲ್ಲಿದ್ದದ್ದು ನಮೀಬಿಯಾದಲ್ಲಿರುವಂಥವೇ ಸಾಲುಗಳು, ಸುಮಾರು ನೂರು ಮೀಟರ್ ಎತ್ತರ, ಎಷ್ಟೋ ಕಿಲೋಮೀಟರ್ ಉದ್ದ. ಕಣಗಳು ಮಾತ್ರ ನಮ್ಮ ಮರಳಲ್ಲ, ಇಂಗಾಲದ ಸಂಯುಕ್ತಗಳವು. ನೆಲದ ಉಷ್ಣತೆ ಸೊನ್ನೆಗಿಂತ 179 ಡಿಗ್ರಿ ಕೆಳಗೆ, ಗುರುತ್ವ ನಮ್ಮದರ ಏಳನೆಯ ಒಂದು ಭಾಗ, ಗಾಳಿ ನಮ್ಮದಕ್ಕಿಂತ ದಟ್ಟ. ಇಷ್ಟೆಲ್ಲ ಬದಲಾದರೂ ದಿಬ್ಬದ ಆಕಾರ ಬದಲಾಗಲಿಲ್ಲ.

ಇಷ್ಟು ಉದ್ದ ಬೆಳೆಯುವ ದಿಬ್ಬ ನಿಲ್ಲುವುದೆಲ್ಲಿ ಎಂಬುದಕ್ಕೆ ಗೊಬಬೆಬ್‌ನಲ್ಲಿಯೇ ಉತ್ತರವಿದೆ. ಆರೆಂಜ್ ನದಿ ಸಮುದ್ರಕ್ಕೆ ತಂದು ಹಾಕಿದ ಮರಳನ್ನು ಅಲೆಗಳು ಕರಾವಳಿಯ ಗುಂಟ ಉತ್ತರಕ್ಕೆ ತಳ್ಳುತ್ತವೆ, ಗಾಳಿ ಅದನ್ನು ಒಳನಾಡಿಗೆ ಎತ್ತಿ ಮತ್ತೆ ಉತ್ತರಕ್ಕೆ ಒಯ್ಯುತ್ತದೆ, ಹೀಗೆ ನಮೀಬ್ ಮರುಭೂಮಿಯ ದಿಬ್ಬಗಳು ಬಂದು ಕೂಯ್ಸೆಬ್ ನದಿಯ ದಕ್ಷಿಣ ದಡದಲ್ಲಿ ನಿಲ್ಲುತ್ತವೆ. ವರ್ಷದ ಬಹುಕಾಲ ಆ ನದಿಯಲ್ಲಿ ನೀರಿಲ್ಲ. ಆದರೆ ಪೂರ್ವದ ಬೆಟ್ಟಗಳಲ್ಲಿ ಮಳೆಯಾದಾಗ ಪ್ರವಾಹ ಬಂದು, ಅಷ್ಟರಲ್ಲಿ ಪಾತ್ರಕ್ಕೆ ಕಾಲಿಟ್ಟ ಮರಳನ್ನೆಲ್ಲ ತೊಳೆದುಕೊಂಡು ಹೋಗುತ್ತದೆ. ಈಚೆಯ ದಡದಲ್ಲಿ ನೂರು ಮೀಟರ್ ಎತ್ತರದ ದಿಬ್ಬ, ಆಚೆಯ ದಡದಲ್ಲಿ ಬರಿಯ ಜಲ್ಲಿಯ ಬಯಲು. ಕರಾವಳಿಯ ಹತ್ತಿರ ಪ್ರವಾಹ ಬಲಗುಂದಿ ಎಷ್ಟೋ ವರ್ಷ ಸಮುದ್ರವನ್ನೇ ಮುಟ್ಟದಿರುವುದರಿಂದ, ಅಲ್ಲಿ ಮರಳು ನದಿಯನ್ನು ದಾಟಿಬಿಟ್ಟಿದೆ. ವಾಲ್ವಿಸ್ ಬೇಯಿಂದ ಸ್ವಾಕೊಪ್ಮುಂಡ್‌ಗೆ ಹೋಗುವ ರಸ್ತೆಯ ಪಕ್ಕದಲ್ಲಿ ಆ ದಿಬ್ಬಗಳು ಸ್ವಾಕೊಪ್ ನದಿಯವರೆಗೂ ಸಾಗಿವೆ.